ಏನೂ ಮುಟ್ಟಿಲ್ಲ, ಆದರೂ ಟೆಸ್ಟ್ ಫೇಲ್!

ಪ್ರಶ್ನೆ (ಮೂಡಿಗೆರೆಯಿಂದ):
ಡೆಬಿಯನ್‌ನಲ್ಲಿ (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಒಂದು ಸಣ್ಣ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟು) ನೋಡಿಕೊಳ್ಳುತ್ತೇನೆ. ಮೂರು ವಾರದಿಂದ ಒಂದಕ್ಷರ ಬದಲಿಸಿಲ್ಲ. ಆದರೂ ಆಟೋಮ್ಯಾಟಿಕ್ ಟೆಸ್ಟ್ ಬಿದ್ದಿದೆ, ನನ್ನಿಂದಾಗಿ ಅದು ಬಳಸುವ ಹೊಸ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್) 'ಟೆಸ್ಟಿಂಗ್'ಗೆ, ಅಂದರೆ ಮುಂದಿನ ಬಿಡುಗಡೆಗೆ ಸಿದ್ಧವಾಗುವ ಸಂಗ್ರಹಕ್ಕೆ, ಹೋಗದೆ ನಿಂತಿದೆ. ಮನೆಯಲ್ಲಿ ಪೂರ್ತಿ, ಹೊಸ ಪ್ಯಾಕೇಜ್‌ಗಳು ಮೊದಲು ಬಂದು ಸೇರುವ 'ಅನ್‌ಸ್ಟೇಬಲ್' ಹಾಕಿ ಓಡಿಸಿದರೆ ಪಾಸ್. (ಮಳೆಗೆ ಕರೆಂಟ್ ಹೋಗಿ ಎರಡು ಸಲ ಅರ್ಧಕ್ಕೇ ನಿಂತಿತು, ಅದು ಬೇರೆ ಕಥೆ.) ಲೈಬ್ರರಿ ಮೇಲೆ ಬಗ್ ವರದಿ ಹಾಕಲಾ?

ಉತ್ತರ (ಸಕಲೇಶಪುರದಿಂದ):
ಬೇಡ ಮಾರಾಯ್ರೆ, ಮೊದಲು ಲಾಗ್‌ನಲ್ಲಿ ಟ್ರಿಗರ್ (ಯಾವ ಹೊಸ ಪ್ಯಾಕೇಜ್‌ಗಾಗಿ ಟೆಸ್ಟ್ ಓಡಿತು ಅನ್ನುವುದು) ಏನಿದೆ ನೋಡಿ. ಡೆಬಿಯನ್‌ನ ಆ ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಹೊಸ ಲೈಬ್ರರಿಯನ್ನಷ್ಟೇ ಅನ್‌ಸ್ಟೇಬಲ್‌ನಿಂದ ತರುತ್ತಾರೆ, ಉಳಿದದ್ದು ಟೆಸ್ಟಿಂಗ್‌ನದೇ. ಸೋನೇಮ್ (ಲೈಬ್ರರಿಯೊಳಗೆ ಬರೆದಿರುವ ಆವೃತ್ತಿ ಸಹಿತ ಹೆಸರು) ಬದಲಾಗಿದ್ದರೆ ನಿಮ್ಮ ಹಳೆ ಬೈನರಿ (ಮೊದಲೇ ಬಿಲ್ಡ್ ಆದ ಪ್ರೋಗ್ರಾಮ್) ಹಳೆ ಲೈಬ್ರರಿಯನ್ನೇ ಹುಡುಕುತ್ತದೆ, ಪಕ್ಕದ ಪ್ಯಾಕೇಜ್ ಹೊಸದನ್ನು ಎಳೆದು ತರುತ್ತದೆ. ಒಂದೇ ಪ್ರೋಗ್ರಾಮ್‌ನಲ್ಲಿ ಎರಡೂ ಲೋಡ್ ಆದರೆ ಕ್ರ್ಯಾಶ್ ಆಗಬಹುದು, ಅಲ್ವಾ? ಹೊಸ ಲೈಬ್ರರಿ ಜೊತೆ ಮತ್ತೆ ಬಿಲ್ಡ್ ಆದ ಪ್ಯಾಕೇಜ್‌ಗಳನ್ನೂ ಟ್ರಿಗರ್‌ಗೆ ಸೇರಿಸಿ ಓಡಿಸಿ.

ಉತ್ತರ (ಹಾಸನದಿಂದ):
ಸುಮ್ನೆ ರೀಟ್ರೈ ಒತ್ತಬೇಡಿ. 2024ರಲ್ಲಿ 64 ಬಿಟ್ ಟೈಮ್‌ಗಾಗಿ (ಸಮಯವನ್ನು ಇನ್ನೂ ದೊಡ್ಡ ಸಂಖ್ಯೆಯಲ್ಲಿ ಇಡುವ ಬದಲಾವಣೆ) ಹಲವು ಲೈಬ್ರರಿ ಹೆಸರುಗಳಿಗೆ 'ಟಿ64' ಬಾಲ ಬಂತಲ್ಲ, ಆಗ ನಾನು ಒತ್ತಿ ಒತ್ತಿ ಸುಸ್ತಾಗಿದ್ದೆ.

ಪ್ರಶ್ನೆ ಕೇಳಿದವರು:
ಸೇರಿಸಿ ಓಡಿಸಿದೆ, ಹಸಿರಾಯಿತು! ಆರ್ಮ್‌ಎಚ್‌ಎಫ್ (32 ಬಿಟ್ ಆರ್ಮ್ ಪ್ರೊಸೆಸರ್‌ಗಳ ಆವೃತ್ತಿ) ಮಾತ್ರ ಬಾಕಿ, ಬಿಲ್ಡ್ ಇನ್ನೂ ಕ್ಯೂನಲ್ಲಿದೆ.