ಓದುಗರ ಸ್ಪಂದನ: ಪಾಲಕರು ಶಾಲೆಯತ್ತ ಮುಖ ಹಾಕುವುದಿಲ್ಲ ಎಂದು ನೊಂದ ಮುಖ್ಯ ಶಿಕ್ಷಕಿಗೆ

ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಹೊಸದಾಗಿ ಬಂದಿರುವ ಮುಖ್ಯ ಶಿಕ್ಷಕಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಹೇಳಿಕೊಂಡಿದ್ದರು. ಪಾಲಕರ ಸಭೆ ಕರೆದರೆ ಬೆರಳೆಣಿಕೆಯ ಜನ ಬರುತ್ತಾರೆ, ಬಂದವರು ‘ನಮಗೇನು ತಿಳಿತೈತ್ರಿ ಮೇಡಂ, ಎಲ್ಲಾ ನೀವೇ ನೋಡ್ರಿ’ ಎಂದು ಹಾಜರಿ ಹಾಕಿ ಹೋಗುತ್ತಾರೆ, ಎಸ್‌ಡಿಎಂಸಿ (ಪಾಲಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಸಹಿ ಬೇಕಾದಾಗಲಷ್ಟೇ ಸಿಗುತ್ತಾರೆ, ಸಹೋದ್ಯೋಗಿಗಳು ‘ಈ ಊರೇ ಹಿಂಗ’ ಎಂದು ಕೈಚೆಲ್ಲಿದ್ದಾರೆ ಎಂಬುದು ಅವರ ಅಳಲು. ಪಾಲಕರನ್ನು ಶಾಲೆಗೆ ತರುವ ದಾರಿ ಯಾವುದು ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಡಲಾಗಿದೆ.

ನಿವೃತ್ತ ಮುಖ್ಯ ಶಿಕ್ಷಕ, ಸಿಂಧನೂರು

ನಿಮ್ಮ ಪತ್ರದಲ್ಲಿ ಪಾಲಕರು ಆಡಿದ ಮಾತಿಗಿಂತ ನಿಮ್ಮ ಸಹೋದ್ಯೋಗಿಗಳು ಆಡಿದ ಮಾತೇ ನನಗೆ ಹೆಚ್ಚು ಚಿಂತೆ ಹುಟ್ಟಿಸಿತು. ‘ಈ ಊರೇ ಹಿಂಗ’ ಎಂಬ ತೀರ್ಮಾನ ಶಿಕ್ಷಕರ ಕೊಠಡಿಯಲ್ಲಿ ಒಮ್ಮೆ ಬೇರುಬಿಟ್ಟಿತೆಂದರೆ ಅದು ಗೇಟಿನ ಹೊರಗೆ ನಿಂತ ಪಾಲಕರಿಗೂ ಕೇಳಿಸುತ್ತದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಒಳಗೆ ಬಂದವರನ್ನು ಕಂಡ ಕೂಡಲೇ ‘ಏನು ಬೇಕಾಗಿತ್ತು?’ ಎಂದು ಕೇಳುವ ಧಾಟಿಯೇ ಸಾಕು. ಆದ್ದರಿಂದ ಪಾಲಕರನ್ನು ಕರೆಯುವ ಕೆಲಸ ಸಿಬ್ಬಂದಿ ಸಭೆಯಿಂದ ಆರಂಭವಾಗಬೇಕು, ಅದನ್ನು ಆರಂಭಿಸಬೇಕಾದವರು ಮುಖ್ಯ ಶಿಕ್ಷಕರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಮಧ್ಯಾಹ್ನ ಶಿಕ್ಷಕರೆಲ್ಲರೂ ಕೂತು, ಕಳೆದ ವರ್ಷ ಯಾವ ಯಾವ ಕಾರಣಕ್ಕೆ ಪಾಲಕರನ್ನು ಶಾಲೆಗೆ ಕರೆಸಿದ್ದೆವು ಎಂದು ನೆನಪಿಸಿಕೊಂಡು ಬರೆಯಿರಿ. ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹಾಜರಾತಿ ಕಡಿಮೆಯಾಗಿದೆ ಎಂಬ ತಾಕೀತು, ಹುಡುಗರು ಹೊಡೆದಾಡಿದ ದೂರು, ವರ್ಗಾವಣೆ ಪತ್ರ ಇವಿಷ್ಟರಲ್ಲೇ ಪಟ್ಟಿ ಮುಗಿದರೆ ನಾನು ಆಶ್ಚರ್ಯಪಡುವುದಿಲ್ಲ. ‘ನಿಮ್ಮ ಮಗಳು ಚೆಂದ ಓದುತ್ತಾಳೆ, ಬಂದು ಕೇಳಿ ಹೋಗಿರಿ’ ಎಂದು ಒಬ್ಬ ತಂದೆಯನ್ನಾದರೂ ಕರೆಸಿದ್ದುಂಟೇ? ಶಾಲೆಯಿಂದ ಕರೆ ಬಂದರೆ ಒಂದೋ ಕಾಗದದ ಕೆಲಸ, ಇಲ್ಲವೇ ಮಗನ ತಪ್ಪು ಎಂದು ವರ್ಷಗಟ್ಟಲೆ ಕಲಿತವರು ಸಭೆಯ ಚೀಟಿ ಕಂಡಾಗ ಹಿಂದೆ ಸರಿಯುವುದು ಸಹಜ.

ನಾನಿದ್ದ ಶಾಲೆಯಲ್ಲಿ ಪ್ರತಿ ಶಿಕ್ಷಕರೂ ವಾರಕ್ಕೊಂದು ಮಗುವಿನ ಮನೆಗೆ ಒಳ್ಳೆಯ ಸುದ್ದಿಯನ್ನು ಮಾತ್ರ ಹೊತ್ತು ಹೋಗುವ ರೂಢಿ ಹಾಕಿಕೊಂಡಿದ್ದೆವು. ಮೊದಮೊದಲು ಬಾಗಿಲಲ್ಲಿ ಶಿಕ್ಷಕರನ್ನು ಕಂಡ ತಾಯಂದಿರು ‘ಏನು ಮಾಡ್ಯಾನ್ರಿ ನನ್ನ ಮಗ?’ ಎಂದು ಗಾಬರಿಯಾಗುತ್ತಿದ್ದರು. ಆ ಗಾಬರಿ ಇಳಿಯುವುದಕ್ಕೆ ಒಂದು ಶೈಕ್ಷಣಿಕ ವರ್ಷವೇ ಬೇಕಾಯಿತು. ಈ ಕೆಲಸದಲ್ಲಿ ಅತಿಥಿ ಶಿಕ್ಷಕಿಯರು ನಮಗಿಂತ ಬಹಳ ಮುಂದಿದ್ದರು, ಏಕೆಂದರೆ ಅವರು ಅದೇ ಊರಿನವರು, ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಅವರಿಗೆ ತಿಳಿದಿತ್ತು. (ಸಿಬ್ಬಂದಿ ಸಭೆಯಲ್ಲಿ ಅತಿಥಿ ಶಿಕ್ಷಕರ ಮಾತನ್ನು ಕೇಳುವ ಪದ್ಧತಿ ಎಷ್ಟು ಶಾಲೆಗಳಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ.)

ಇನ್ನು ಸಭೆಯ ವೇಳೆ. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಭಾಗದಲ್ಲಿ ನಾಟಿ ಇಲ್ಲವೇ ಕಟಾವು ನಡೆದಿರುವಾಗ ಬೆಳಿಗ್ಗೆ ಟಂಟಂ ಹತ್ತಿ ಕೂಲಿಗೆ ಹೋದ ಹೆಂಗಸರು ಮರಳುವುದು ಹೊತ್ತು ಮುಳುಗುವ ವೇಳೆಗೆ. ನಿಮ್ಮದು ಮಳೆ ನಂಬಿದ ನೆಲ, ಅಲ್ಲಿ ಬಿತ್ತನೆಯ ನಾಲ್ಕು ದಿನ ತಪ್ಪಿದರೆ ಇಡೀ ವರ್ಷ ತಪ್ಪುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಅವರ ಪಾಲಿಗೆ ಒಂದು ದಿನದ ಕೂಲಿಯನ್ನು ಬಿಡಬೇಕೆಂದು ಅರ್ಥ. ಹಾಗೆ ಕರೆದು, ಬರಲಿಲ್ಲವೆಂದು ಬೇಸರಪಡುವುದು ನ್ಯಾಯವಲ್ಲ. ಅಮಾವಾಸ್ಯೆಯ ದಿನ, ಎತ್ತು ಹೂಡದ ಸೋಮವಾರದ ಸಂಜೆ, ಓಣಿಯ ಗುಡಿಕಟ್ಟೆ ಇವೆಲ್ಲ ನಿಮ್ಮ ಕೈಯಲ್ಲೇ ಇವೆ. ಇಡೀ ಶಾಲೆಗೆ ಒಂದೇ ದೊಡ್ಡ ಸಭೆಗಿಂತ ಓಣಿಗೊಂದು ಚಿಕ್ಕ ಸಭೆ ಮಾಡಿದರೆ, ಮೈಕಿನ ಮುಂದೆ ಬಾಯಿಬಿಡದ ಹೆಂಗಸರೂ ಮಾತಾಡುತ್ತಾರೆ.

ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಹಿಂದುಳಿದಿದ್ದ 2 ಶಾಲೆಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಅಲ್ಲಿ ಪಾಲಕರು, ಶಿಕ್ಷಕರು, ಮುಖ್ಯಸ್ಥರು ಒಟ್ಟಿಗೆ ಕೂತು ಶಾಲೆಯ ಯೋಜನೆ ಮಾಡುತ್ತಿದ್ದರು. ಯಾರ ತಪ್ಪು ಎಂದು ಹುಡುಕದೆ ಮುಂದೆ ಏನು ಮಾಡೋಣ ಎಂಬುದನ್ನಷ್ಟೇ ಮಾತಾಡಬೇಕು ಎಂಬುದು ಆ ಪ್ರಯೋಗದ ಮೂಲ ಕಟ್ಟಳೆಗಳಲ್ಲಿ ಒಂದು. ಈ ಕಟ್ಟಳೆಯನ್ನು ನಿಮ್ಮ ಶಾಲೆಗೆ ತರಲು ಇಲಾಖೆಯ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಮನೆಯಲ್ಲಿ ಜೀನ್ಸ್ ಹೊಲಿಯುವ ತಾಯಿ, ಬಳ್ಳಾರಿ

ನಾನು ಹೇಳಿದ್ದನ್ನು ಪಿಯುಸಿ ಓದುತ್ತಿರುವ ಮಗಳು ತಿದ್ದಿ ಬರೆದಿದ್ದಾಳೆ. ಮೇಡಂ, ನೀವು ಅಸಡ್ಡೆ ಎಂದುಕೊಂಡಿರುವುದರಲ್ಲಿ ಮುಕ್ಕಾಲು ಪಾಲು ಅಂಜಿಕೆ. ನಮಗೆ ತುಂಡಿನ ಲೆಕ್ಕದಲ್ಲಿ ಕೂಲಿ, ಎದ್ದು ಹೋದಷ್ಟು ಹೊತ್ತು ದುಡ್ಡು ಹೋಗುತ್ತದೆ. ಆದರೂ ಮಗಳ ಶಾಲೆಗೆ ಮೊದಲು ಹೋಗುತ್ತಿದ್ದೆ. ಅಲ್ಲಿ ಅಧಿಕಾರಿಗಳು, ಊರ ದೊಡ್ಡವರು ಕುರ್ಚಿಯ ಮೇಲೆ, ನಾವು ಜಮಖಾನೆಯ ಮೇಲೆ. ಭಾಷಣ ಮುಗಿದ ಮೇಲೆ ಹೆಬ್ಬೆಟ್ಟು ಒತ್ತಿ ಬರುವುದೇ ನಮ್ಮ ಕೆಲಸವಾಗಿತ್ತು. ಅಂಕಪಟ್ಟಿ ಕೈಗೆ ಕೊಟ್ಟರೆ ಅದನ್ನು ತಲೆಕೆಳಗಾಗಿ ಹಿಡಿದಿದ್ದೇನೋ ಏನೋ ಎಂಬ ನಾಚಿಕೆ ಬೇರೆ.

ಕಿರಿಯ ಮಗ ಬೇರೆ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ. ಅಲ್ಲಿಯ ಮುಖ್ಯ ಶಿಕ್ಷಕಿ ಸಭೆಯ ದಿನ ಮೊದಲು ನಮ್ಮನ್ನು ನಲಿ-ಕಲಿ ಕೊಠಡಿಗೆ, ಅಂದರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ತರಗತಿಗೆ ಕಳಿಸಿದರು, ಆಮೇಲೆ ಮಾತು. ಗೋಡೆಯ ಮೇಲಿನ ಕಲಿಕಾ ಏಣಿಯನ್ನು ತೋರಿಸಿ, ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ, ಮುಂದಿನದು ಯಾವುದು ಎಂದು ಮಗನೇ ನನಗೆ ಹೇಳಿಕೊಟ್ಟ. ಏಣಿಯಲ್ಲಿ ಚಿತ್ರಗಳ ಗುರುತು ಇರುವುದರಿಂದ ಅಕ್ಷರ ಬಾರದ ನನಗೂ ಅದು ತಿಳಿಯಿತು. ಅಂದಿನಿಂದ ಅವನು ಎಷ್ಟು ಮುಂದೆ ಹೋಗಿದ್ದಾನೆ ಎಂದು ನೋಡಲು ನಾನೇ ಹೋಗುತ್ತಿದ್ದೆ, ಯಾರೂ ಕರೆಯಬೇಕಾಗಲಿಲ್ಲ.

ಆ ಶಾಲೆಯಲ್ಲಿ ಬಿಸಿಯೂಟದ ರುಚಿ ನೋಡಲು ತಾಯಂದಿರನ್ನು ಸರದಿಯಂತೆ ಕರೆಯುತ್ತಿದ್ದರು. ತಾಯಂದಿರನ್ನು ಹೀಗೆ ಸೇರಿಸಿಕೊಳ್ಳಬೇಕೆಂದು ಯೋಜನೆಯ ನಿಯಮಗಳಲ್ಲೇ ಇದೆಯೆಂದು ಮಗಳು ಹೇಳುತ್ತಾಳೆ. ಒಬ್ಬಾಕೆ ಸಾಂಬಾರು ತೆಳ್ಳಗಾಗಿದೆ ಎಂದು ಅಂದುಬಿಟ್ಟಳು. ಮುಖ್ಯ ಶಿಕ್ಷಕಿ ಮುಖ ಸಿಂಡರಿಸಲಿಲ್ಲ, ನಮ್ಮೆದುರು ಅಡುಗೆಯವರನ್ನು ಗದರಿಸಲೂ ಇಲ್ಲ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ತಿಳಿಸಿ, ಆ ದಿನದ ಮಕ್ಕಳ ಸಂಖ್ಯೆಗೆ ಬೇಳೆಯನ್ನು ನಮ್ಮಿಂದಲೇ ತೂಗಿಸಿದರು. ಅಳತೆ ಗೊತ್ತಾದವರಿಗೆ ಮನೆಯಲ್ಲಿ ಸುಮ್ಮನೆ ಕೂರಲು ಮನಸ್ಸಾಗುವುದಿಲ್ಲ.

ಶಿಕ್ಷಕರ ತರಬೇತಿ ಕಾಲೇಜಿನ ಉಪನ್ಯಾಸಕಿ, ರಾಯಚೂರು

ಸಭೆಗೆ ಬಂದವರ ತಲೆ ಎಣಿಸಿ ಪಾಲಕರ ಆಸಕ್ತಿಯನ್ನು ಅಳೆಯುವುದನ್ನು ದಯವಿಟ್ಟು ಬಿಡಿ. ಮಕ್ಕಳ ಓದಿನಲ್ಲಿ ಪಾಲಕರು ಏಕೆ ತೊಡಗಿಕೊಳ್ಳುತ್ತಾರೆ ಎಂಬುದನ್ನು 1990ರ ದಶಕದಲ್ಲಿ ವಿವರಿಸಿದ ಅಮೆರಿಕದ ಸಂಶೋಧಕರಾದ ಕ್ಯಾಥ್ಲೀನ್ ಹೂವರ್-ಡೆಂಪ್ಸಿ ಮತ್ತು ಹೋವರ್ಡ್ ಸ್ಯಾಂಡ್ಲರ್ ಅವರ ವಿಚಾರವನ್ನು ಸರಳವಾಗಿ ಹೇಳುವುದಾದರೆ, ಪಾಲಕರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳಿರುತ್ತವೆ: ಇದು ನನ್ನ ಕೆಲಸವೇ, ಇದು ನನ್ನಿಂದ ಆದೀತೇ, ನನ್ನನ್ನು ಯಾರಾದರೂ ನಿಜವಾಗಿ ಕರೆದಿದ್ದಾರೆಯೇ. ‘ನಮಗೇನು ತಿಳಿತೈತ್ರಿ’ ಎನ್ನುವವರು ಎರಡನೆಯ ಪ್ರಶ್ನೆಗೆ ಆಗಲೇ ಇಲ್ಲವೆಂದು ಉತ್ತರಿಸಿಕೊಂಡಿದ್ದಾರೆ. ಮೊದಲ ಎರಡು ಉತ್ತರಗಳ ಹಿಂದೆ ಅವರ ಬಾಲ್ಯ, ಅವರು ಶಾಲೆಯಲ್ಲಿ ತಿಂದ ಪೆಟ್ಟು, ಕೇಳಿದ ಬೈಗುಳ ಎಲ್ಲವೂ ಇರುವುದರಿಂದ ಅವು ನಿಧಾನವಾಗಿ ಬದಲಾಗುತ್ತವೆ. ಮೂರನೆಯದನ್ನು ಮಾತ್ರ ಮುಖ್ಯ ಶಿಕ್ಷಕರು ನಾಳೆಯಿಂದಲೇ ಬದಲಿಸಬಹುದು, ಮತ್ತು ಅದು ಬದಲಾದರೆ ಉಳಿದೆರಡೂ ಕ್ರಮೇಣ ಸಡಿಲಗೊಳ್ಳುತ್ತವೆ.

ಬ್ರಿಟನ್ನಿನ ಶಿಕ್ಷಣ ಇಲಾಖೆಗಾಗಿ ಚಾರ್ಲ್ಸ್ ಡೆಸ್ಫೋರ್ಜಸ್ 2003ರಲ್ಲಿ ಸಂಶೋಧನೆಗಳನ್ನು ಪರಿಶೀಲಿಸಿ ಬರೆದ ವರದಿಯೂ ನಿಮಗೆ ಸಮಾಧಾನ ಕೊಡಬಹುದು. ಪಾಲಕರು ಶಾಲೆಗೆ ಬರುವುದಕ್ಕಿಂತ ಮನೆಯಲ್ಲಿ ಮಗುವಿನೊಂದಿಗೆ ನಡೆಸುವ ಮಾತುಕತೆ, ಅದರ ಮೇಲೆ ಇಟ್ಟ ನಿರೀಕ್ಷೆ ಕಲಿಕೆಗೆ ಹೆಚ್ಚು ನೆರವಾಗುತ್ತದೆ ಎಂಬುದು ಅದರ ಮುಖ್ಯ ತೀರ್ಮಾನ. ಆದರೆ ಇದನ್ನು ‘ಮನೆಯಲ್ಲಿ ಪಾಠ ಹೇಳಿಕೊಡಿ’ ಎಂದು ಅರ್ಥ ಮಾಡಿಕೊಂಡರೆ ಅಕ್ಷರ ಬಾರದವರನ್ನು ಇನ್ನೂ ದೂರ ತಳ್ಳಿದಂತಾಗುತ್ತದೆ. ಊಟಕ್ಕೆ ಕೂತಾಗ ‘ಇವತ್ತು ಶಾಲೆಯಲ್ಲಿ ಏನು ಹೇಳಿದರು, ನನಗೂ ಹೇಳು’ ಎಂದು ಕೇಳಿದರೆ ಸಾಕು ಎಂದು ಪ್ರತಿ ಸಭೆಯಲ್ಲೂ ಅವರಿಗೆ ಭರವಸೆ ಕೊಡಬೇಕು, ಅದು ಯಾವ ಭಾಷೆಯಲ್ಲಾದರೂ ಸರಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳಲ್ಲಿ) ತೆಲುಗು, ತಾಂಡಾಗಳಲ್ಲಿ ಲಂಬಾಣಿ, ನಮ್ಮ ರಾಯಚೂರಿನ ಎಷ್ಟೋ ಓಣಿಗಳಲ್ಲಿ ಉರ್ದು ಮನೆಮಾತು. ಸಭೆಯಲ್ಲಿ ಆ ಭಾಷೆಯಲ್ಲಿ ನಾಲ್ಕು ಮಾತಾಡುವ ಒಬ್ಬ ಶಿಕ್ಷಕರೋ ಹಿರಿಯ ವಿದ್ಯಾರ್ಥಿಯೋ ಇದ್ದರೆ ಸಭೆಯ ಗಾಳಿಯೇ ಬೇರೆಯಾಗುತ್ತದೆ.

ಖಾಸಗಿ ಶಾಲೆಯ ಮಗುವಿನ ತಂದೆ, ಕೊಪ್ಪಳ

ಖಾಸಗಿ ಶಾಲೆಗಳ ಸಭೆಗಳು ತುಂಬಿರುವುದನ್ನು ಕಂಡು ನೀವು ಅಸೂಯೆಪಡಬೇಕಿಲ್ಲ. ನಮ್ಮಲ್ಲಿ ಅಂಕಪಟ್ಟಿ ಕೊಡುವುದೇ ಸಭೆಯ ದಿನ, ಹೋಗದಿದ್ದರೆ ಅದು ಕೈಗೆ ಬರುವುದಿಲ್ಲ. ಸಾಲಿನಲ್ಲಿ ನಿಂತು, ಐದು ನಿಮಿಷ ಮಗುವಿನ ಕೊರತೆಗಳನ್ನು ಕೇಳಿಸಿಕೊಂಡು, ಬಾಕಿ ಶುಲ್ಕದ ನೆನಪೋಲೆ ಪಡೆದು ಬರುತ್ತೇವೆ. ಹಾಜರಾತಿ ನೂರಕ್ಕೆ ನೂರು, ನಮ್ಮ ಅಭಿಪ್ರಾಯ ಕೇಳಿದವರು ಯಾರೂ ಇಲ್ಲ.

ಕಟ್ಟಡ ಕಾರ್ಮಿಕ, ಊರು ದೇವದುರ್ಗ ತಾಲ್ಲೂಕು, ಈಗ ಬೆಂಗಳೂರು

ವರ್ಷದ ಬಹುಪಾಲು ನಾವು ಗಂಡ ಹೆಂಡತಿ ಇಲ್ಲಿರುತ್ತೇವೆ, ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಇರುತ್ತಾರೆ. ಸಭೆಗೆ ಹೋದ ಅಜ್ಜಿಯನ್ನು ‘ತಂದೆ ತಾಯಿ ಬರಲಿ’ ಎಂದು ತಿರುಗಿ ಕಳಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ತಂದೆ ತಾಯಿಯ ಜೊತೆಗೆ ಮಗುವನ್ನು ನೋಡಿಕೊಳ್ಳುವ ಪೋಷಕರೂ ಇದ್ದಾರೆ. ಉದ್ದನೆಯ ಬರಹದ ಸಂದೇಶಕ್ಕಿಂತ ಶಿಕ್ಷಕರು ಮಾತಾಡಿ ಕಳಿಸುವ ಅರ್ಧ ನಿಮಿಷದ ಧ್ವನಿ ಸಂದೇಶವನ್ನು ನಾವು ಕೆಲಸದ ನಡುವೆಯೂ ಕೇಳುತ್ತೇವೆ. ಮೊಹರಂ, ಯುಗಾದಿ, ಊರ ಜಾತ್ರೆಗಳಿಗೆ ದುಡಿಯಲು ಹೋದವರೆಲ್ಲ ಮರಳಿ ಬಂದು ಊರು ತುಂಬಿರುತ್ತದೆ. ನಿಮ್ಮ ಊರಿನಲ್ಲೂ ಹಾಗೆಯೇ ಇದ್ದರೆ, ವರ್ಷಕ್ಕೊಂದು ಸಭೆಯನ್ನಾದರೂ ಹಬ್ಬದ ಮರುದಿನಕ್ಕೆ ಇಟ್ಟುಕೊಳ್ಳಿ.

ಎಸ್‌ಡಿಎಂಸಿ ಮಾಜಿ ಅಧ್ಯಕ್ಷ, ಮಾನ್ವಿ ತಾಲ್ಲೂಕು

ಪ್ರೀತಿಯಿಂದ ಮಾತಾಡಿದರೆ ಪಾಲಕರು ಒಮ್ಮೆ ಬರುತ್ತಾರೆ, ಎರಡು ಸಲ ಬರುತ್ತಾರೆ. ತಾವು ಹೇಳಿದ್ದರಿಂದ ಏನೂ ಆಗುವುದಿಲ್ಲವೆಂದು ಕಂಡುಕೊಂಡ ಮೇಲೆ ಯಾರೂ ಬರುವುದಿಲ್ಲ. 2001ರ ಸರ್ಕಾರಿ ಆದೇಶದಿಂದ ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಸೆಕ್ಷನ್ ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವ ಹೊಣೆಯನ್ನು ಆ ಸಮಿತಿಗೇ ಕೊಟ್ಟಿದೆ. ನಾನು ಅಧ್ಯಕ್ಷನಾದ ಹೊಸದರಲ್ಲಿ ಯೋಜನೆ ಭರ್ತಿಯಾಗಿಯೇ ನನ್ನ ಮುಂದೆ ಬರುತ್ತಿತ್ತು, ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನ ಗುರುತು ಬಿದ್ದಿರುತ್ತಿತ್ತು.

ಆಮೇಲೆ ಬಂದ ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿಯಾಗಿ ಮಾಡಿದ ಮೊದಲ ಕೆಲಸ, ಲೆಕ್ಕವನ್ನು ಗಟ್ಟಿಯಾಗಿ ಓದಿದ್ದು. 101ರಿಂದ 250 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ ಅನುದಾನವಿದೆ, ಅದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು ಎಂಬುದು ಹಲವು ಸದಸ್ಯರಿಗೆ ಅಂದೇ ತಿಳಿಯಿತು. ಗೋಡೆಗೆ ಬಣ್ಣ ಮೊದಲೋ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಮೊದಲೋ ಎಂದು ದೊಡ್ಡ ಜಗಳವೇ ಆಯಿತು. ನಾನು ಬಣ್ಣದ ಪರವಾಗಿದ್ದೆ, ತಾಯಂದಿರು ನೀರಿನ ಪರವಾಗಿ ನಿಂತು ಗೆದ್ದರು. ಮುಂದಿನ ಸಭೆಗೆ ಯಾರನ್ನೂ ಕರೆಯಬೇಕಾಗಲಿಲ್ಲ, ನಲ್ಲಿಯಲ್ಲಿ ನೀರು ಬರುತ್ತಿದೆಯೋ ಇಲ್ಲವೋ ನೋಡಲು ಅವರೇ ಬಂದಿದ್ದರು.

ಒಂದು ಎಚ್ಚರಿಕೆಯ ಮಾತು. ಸಮಿತಿಯ ಆಯ್ಕೆಯಲ್ಲಿ ಪಂಚಾಯಿತಿಯ ಪಕ್ಷ, ಜಾತಿ, ಓಣಿ ಎಲ್ಲವೂ ನುಸುಳುತ್ತವೆ. ಗೆದ್ದ ಗುಂಪಿನೊಂದಿಗೆ ಮಾತ್ರ ಚಹಾ ಕುಡಿಯುವ ಮುಖ್ಯ ಶಿಕ್ಷಕರಿಗೆ ಉಳಿದ ಅರ್ಧ ಊರು ದೂರವಾಗುತ್ತದೆ. ಅಧ್ಯಕ್ಷರು ಸಹಿಗಷ್ಟೇ ಸಿಗುತ್ತಾರೆ ಎಂದು ನೀವು ಬರೆದಿದ್ದೀರಿ. ಈ ಸಲ ಅವರ ಮುಂದೆ ಬರೆದು ಮುಗಿಸಿದ ಯೋಜನೆಯ ಬದಲು ಖಾಲಿ ಹಾಳೆ ಇಟ್ಟು, ಈ ವರ್ಷದ ಹಣದಲ್ಲಿ ಮೊದಲು ಏನಾಗಬೇಕು ಎಂದು ಕೇಳಿರಿ. ಅವರು ಹೇಳಿದ್ದು ನಿಮಗೆ ಹಿಡಿಸದಿದ್ದರೂ ಅದನ್ನು ಹಾಗೆಯೇ ಬರೆದುಕೊಂಡು, ಸೋತ ಗುಂಪಿನವರೂ ಇರುವ ಸಭೆಯಲ್ಲಿ ಚರ್ಚೆಗೆ ಇಡಿರಿ.