ಎರಡನೇ ಸುತ್ತಿಗೇ ದಮ್ಮು ಹತ್ತುತ್ತಿದೆ, ಓಡಿ ಅನುಭವ ಇರುವವರು ಹೇಳಿ

ಕಲಬುರಗಿಯಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಫಿಜಿಕಲ್‌ಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್, ಆರೂವರೆ ನಿಮಿಷ. ಎರಡನೇ ಸುತ್ತಿಗೇ ದಮ್ಮು ಹತ್ತಿ ಪಕ್ಕೆ ಹಿಡಿಯುತ್ತದೆ. ಕೆಲವರು ಮೂಗಿನಲ್ಲೇ ಉಸಿರಾಡು ಅಂತಾರೆ, ಕೆಲವರು ಬಾಯಿ ತೆರೆ ಅಂತಾರೆ. ಯಾವುದು ಸರಿ ಅಣ್ಣಾವ್ರೇ?

ಸ್ಟೇಡಿಯಂ ಕಡೆಯಿಂದ ಒಬ್ಬರು:
ತಮ್ಮಾ, ಮೂಗು ಬಾಯಿ ಆಮೇಲೆ. ಮೊದಲು ವಾಚ್ ನೋಡು. ಆರೂವರೆ ನಿಮಿಷ ಅಂದರೆ 390 ಸೆಕೆಂಡು. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97.5 ಸೆಕೆಂಡು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ದಿನಾ ನೋಡುತ್ತೇನೆ, ಹುಡುಗರು ಜೋಶ್‌ನಲ್ಲಿ ಮೊದಲ ಸುತ್ತನ್ನು 75, 80ಕ್ಕೇ ಮುಗಿಸುತ್ತಾರೆ. ಆಮೇಲೆ ಉಸಿರನ್ನು ಬೈಯುತ್ತಾರೆ! ಸ್ನಾಯು ಜೋರಾಗಿ ದುಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅದನ್ನು ಹೊರಗೆ ಹಾಕುವುದಕ್ಕೇ ದಮ್ಮು ಏರುವುದು. ಹಾಗಾಗಿ ಗಾಳಿ ಎಳೆಯುವುದಕ್ಕಿಂತ ಪೂರ್ತಿ ಬಿಡುವುದರ ಕಡೆ ಗಮನ ಕೊಡು.
ವಾರದ ಹೆಚ್ಚಿನ ದಿನ ನಿಧಾನ ಓಡು. ಎಷ್ಟು ನಿಧಾನ ಅಂದರೆ, ಪಕ್ಕದವನ ಜೊತೆ ಪೂರಾ ಮಾತಾಡಲು ಬರಬೇಕು. ಆಗದಿದ್ದರೆ ನಡೆ, ದಮ್ಮು ಇಳಿದ ಮೇಲೆ ಮತ್ತೆ ಓಡು. ಪರೀಕ್ಷೆಯ ಸ್ಪೀಡ್‌ನಲ್ಲಿ ಮಾತು ಬರುವುದಿಲ್ಲ, ಅದು ಸಹಜ. ಆ ಸ್ಪೀಡ್ ವಾರಕ್ಕೆ ಒಂದೆರಡು ಸಲ ಸಾಕು.

ಯೋಗ ಕಲಿಸುವ ಅಕ್ಕ:
ಮೂಗು ಧೂಳು ಸೋಸುತ್ತದೆ, ಒಣ ಗಾಳಿಗೆ ತೇವ ಕೊಡುತ್ತದೆ. ನಮ್ಮ ಊರಿನ ರಸ್ತೆಗೆ ಅದು ಬೇಕೇ ಬೇಕು. ವಾರ್ಮಪ್‌ಗೆ ಮೂಗು ಸಾಕು. ವೇಗ ಬಂದಮೇಲೆ ಎರಡರಲ್ಲೂ ಉಸಿರಾಡಿ, ಬಾಯಿ ಮುಚ್ಚಿ ಹಟ ಮಾಡಬೇಡಿ. ಮನೆಯಲ್ಲಿ ಅಂಗಾತ ಮಲಗಿ, ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ ಇಡಿ. ಉಸಿರು ಎಳೆದಾಗ ಹೊಟ್ಟೆಯ ಕೈ ಏಳಬೇಕು. ಇದು ರೂಢಿಯಾದ ಮೇಲೆ ನಡೆಯುವಾಗ, ಆಮೇಲೆ ಓಡುವಾಗ ಮಾಡಿ. ಭುಜ ಕಿವಿಯ ಕಡೆ ಏರಿದ್ದರೆ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ.

ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಓಡುವವರು:
ಹೆಜ್ಜೆ ಲೆಕ್ಕ ನನಗೆ ಕೆಲಸಕ್ಕೆ ಬಂತು. ನಿಧಾನ ಓಟದಲ್ಲಿ ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ವೇಗದಲ್ಲಿ ಎರಡು, ಎರಡು. ಲೆಕ್ಕದಿಂದಲೇ ತಲೆ ಕೆಟ್ಟರೆ ಬಿಟ್ಟುಬಿಡಿ, ದೇಹ ತಾನೇ ಹೊಂದಿಸಿಕೊಳ್ಳುತ್ತದೆ.

ಇನ್ನೊಬ್ಬರು:
ಪಕ್ಕೆ ಹಿಡಿಯುವುದಕ್ಕೆ ಊಟದ ಸಮಯ ನೋಡಿ. ಸುಸಲಾ, ಮಿರ್ಚಿ ಹೊಡೆದು ಸಂಜೆ ಓಡಿದರೆ ಹಿಡಿಯದೆ ಏನು ಮಾಡುತ್ತದೆ? ಎರಡು ಗಂಟೆ ಅಂತರ ಇರಲಿ, ನೀರನ್ನೂ ಒಮ್ಮೆಗೇ ಗಟಗಟ ಕುಡಿಯಬೇಡಿ. ಹಿಡಿದಾಗ ವೇಗ ಇಳಿಸಿ, ನೋಯುವ ಜಾಗ ಬೆರಳಲ್ಲಿ ಒತ್ತಿ, ಉಸಿರು ಉದ್ದ ಬಿಡಿ.

ನರ್ಸ್ ಒಬ್ಬರು:
ಓಟ ನಿಲ್ಲಿಸಿದ ಮೇಲೂ ಕೆಮ್ಮು ಬರುತ್ತದಾ? ಎದೆಯಲ್ಲಿ ಸುಯ್ ಅನ್ನುತ್ತದಾ? ಓಟದಿಂದ ಕೆರಳುವ ಅಸ್ತಮಾ ಇರಬಹುದು, ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧಿ ಇದೆ, ಅಸ್ತಮಾ ಇದ್ದರೂ ಓಡಬಹುದು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ.

ಪ್ರಶ್ನೆ ಕೇಳಿದವರು:
ಕೆಮ್ಮು ಇಲ್ಲ ಅಕ್ಕಾ. ಮೊದಲ ಸುತ್ತು ಟೈಮ್ ಹಾಕಿ ನೋಡೇ ಇಲ್ಲ. ಮಧ್ಯಾಹ್ನ ನಾಲ್ಕಕ್ಕೆ ಓಡುತ್ತೇನೆ.

ಸ್ಟೇಡಿಯಂ ಕಡೆಯವರು:
ನಾಲ್ಕಕ್ಕಾ? ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ ತಮ್ಮಾ. ಸೆಕೆಗೇ ಅರ್ಧ ದಮ್ಮು ಹೋಗುತ್ತದೆ. ಬೆಳಿಗ್ಗೆ ಐದೂವರೆಗೆ ಬಾ, ಟೈಮ್ ನಾನೇ ಹಿಡಿಯುತ್ತೇನೆ.