ಸಹಾಯ ಬೇಕು: ತೆಂಗಿನ ನಾರಿನ ಕುಂಡಗಳಲ್ಲಿ ನೀರು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಂಗಳೂರಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆ. ಪೂರ್ವಕ್ಕೆ ಸಣ್ಣ ಬಾಲ್ಕನಿ, ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತೆ. ಪ್ಲಾಸ್ಟಿಕ್ ಬೇಡವೇ ಬೇಡ ಅಂತ ಕಂಬಿಗೆ ತೆಂಗಿನ ನಾರಿನ ಕುಂಡಗಳನ್ನು ತೂಗುಹಾಕಿ ಪುದೀನ, ಕೊತ್ತಂಬರಿ, ದೊಡ್ಡಪತ್ರೆ ಹಾಕಿದ್ದೀನಿ. ದೊಡ್ಡಪತ್ರೆ ಸೊಂಪಾಗಿದೆ, ಅದಕ್ಕೆ ನೀರು ಕಮ್ಮಿಯಾದರೂ ನಡೆಯುತ್ತೆ. ಆದರೆ ನಾರಿನ ಸುತ್ತಲೂ ಗಾಳಿಯಾಡೋದರಿಂದ ಪುದೀನ, ಕೊತ್ತಂಬರಿ ಸಂಜೆಯೊಳಗೆ ಬಾಡಿ ಜೋತುಬೀಳುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತೆ. ನೀರು ಜಾಸ್ತಿ ಹಾಕಿದರೆ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಕೆಂಚು ನೀರು ತೊಟ್ಟಿಕ್ಕುತ್ತೆ, ಪಾಪ ಅವರೂ ಎಷ್ಟೂಂತ ಸಹಿಸ್ತಾರೆ?

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೊಳೆದು, ಉಪ್ಪಿನಂಶ ತೆಗೆದು, ಕೆಂಪುಮಣ್ಣು, ಎರೆಗೊಬ್ಬರದ ಜೊತೆ ಬೆರೆಸಿದೆ. ಮೇಲೆ ಒಣಗಿದ ಎಲೆ ಹೊದಿಸಿದೆ. ಒಳಗೆ ಗೋಣಿತಟ್ಟು ಹಾಸಿದೆ, ಅದು ಬೇಗ ಕೊಳೆತುಹೋಯ್ತು. ಮಣ್ಣಿನ ಕುಂಡ ತೂಗುಹಾಕೋಣ ಅಂದರೆ ಹಳೇ ಕಂಬಿ ಅಷ್ಟು ಭಾರ ತಡೆಯಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂತಾರೆ ಕೆಲವರು, ಹಾಗೆ ಮಾಡೋದಾದರೆ ನಾರಿನ ಕುಂಡ ಯಾಕೆ ಬೇಕಿತ್ತು?

ನಾರಿನ ಕುಂಡದಲ್ಲಿ ತೇವ ಉಳಿಯೋ ಹಾಗೆ, ಕೆಳಗೆ ನೀರೂ ಸೋರದ ಹಾಗೆ, ಪ್ಲಾಸ್ಟಿಕ್ ಬಿಟ್ಟು ಒಳಗೆ ಏನು ಹಾಸಬಹುದು? ಬಾಲ್ಕನಿಯಲ್ಲಿ ನೀವೇ ಮಾಡಿ ನೋಡಿದ್ದಿದ್ದರೆ ದಯವಿಟ್ಟು ತಿಳಿಸಿ.